ಕನ್ನಡಿಕೆರೆ ಪ್ಯಾಸೆಂಜರಿನ ದಿಗ್ವಿಜಯ

ಟಿಕ್.

ಇಷ್ಟೇ. ಹುಣಸೆಬೀಜವೊಂದು ಸ್ಟೀಲ್ ತಟ್ಟೆಗೆ ಬಿದ್ದಷ್ಟು. ಮೈಸೂರಿನ ಕೊನೆಯ ಬಸ್ಸೂ ಡಿಪೋ ಸೇರಿ, ಬೀದಿನಾಯಿಗಳೂ ಬೊಗಳಿ ದಣಿದು ಮಲಗಿದ್ದ ಹೊತ್ತಿನಲ್ಲಿ, ಒಂದು ಮನೆಯ ನಡುಮನೆಯೊಳಗಿಂದ ಎದ್ದ ಆ ಸದ್ದಿನಿಂದ ಈ ಗಾಥೆ ಹೊರಡುತ್ತದೆ.

ಎಲೈ ಕಾಲಪುರುಷನೇ, ಸಾಮ್ರಾಜ್ಯಗಳನ್ನೂ ಸಾರಿಗೆ ವ್ಯವಸ್ಥೆಗಳನ್ನೂ ಭೇದವೆಣಿಸದೆ ನುಂಗಿ ನೀರು ಕುಡಿಯುವವನೇ, ಕೇಳು. ಎಲೌ ವಾಗ್ದೇವಿಯೇ, ಮನೆಮನೆಯ ಪುಸ್ತಕಗಳ ಮೇಲೆ ಕುಳಿತು ಮೂರು ದಿನ ಯಾರಿಗೂ ಓದಲು ಬಿಡದವಳೇ, ಬರೆದಿಡುವವರಿಲ್ಲದ ಆ ದಿನಗಳಲ್ಲಿ ನಡೆದದ್ದನ್ನು ನನ್ನ ನಾಲಗೆಯಲ್ಲಿ ನೀನೇ ನಿಂತು ನುಡಿಸು. ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತಖಂಡದ ದಕ್ಷಿಣಭಾಗದಲ್ಲಿ, ಆಶ್ವಯುಜ ಶುಕ್ಲಪಕ್ಷದಲ್ಲಿ, ಗೃಹಿಣಿಯರು ಮೆಟ್ಟಿಲು ಜೋಡಿಸಿ ಬಿಳಿಯ ಪಂಚೆ ಹಾಸಿ ದಸರಾ ಗೊಂಬೆ ಕೂರಿಸುವ ಪುಣ್ಯಕಾಲದಲ್ಲಿ, ನಿವೃತ್ತ ರೈಲ್ವೆ ಗಾರ್ಡ್ ನಾಗಭೂಷಣಯ್ಯನೆಂಬ ಮಹಾಪುರುಷನು ಒಂದು ರೈಲನ್ನು ಒಂದು ಸುತ್ತು ಓಡಿಸಿದ ಚರಿತ್ರೆಯನ್ನು ಹೇಳುವೆನು. ಒಂದೇ ಸುತ್ತು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಯಾರೀ ನಾಗಭೂಷಣಯ್ಯ? ಸಾರ್ಧದ್ವಿಪಾದಪಥಪರಾಯಣನು, ಅಂದರೆ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಯನ್ನೇ ನಂಬಿ ಬಾಳಿದವನು, ಹರಿತರಕ್ತಧ್ವಜದ್ವಯಮಂಡಿತಬಾಹು, ಬ್ರೇಕ್ ವ್ಯಾನಿನ ಬಾಗಿಲಲ್ಲಿ ನಿಂತು ಅವನು ಊದಿದ ಸೀಟಿಗೆ ಎಮ್ಮೆಗಳು ಹಳಿ ಬಿಟ್ಟು ಸರಿಯುತ್ತಿದ್ದವೆಂದು ಬಲ್ಲವರು ಹೇಳುತ್ತಾರೆ. ಬಲ್ಲವನು ಅವನೊಬ್ಬನೇ. ಅವನ ಆ ಸಣ್ಣ ಲೈನು ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಹಳಿಗಳನ್ನು ಕಿತ್ತು ಲಾರಿಯಲ್ಲಿ ಸಾಗಿಸಿದ್ದರು. ಸ್ಟೇಷನ್ನುಗಳಲ್ಲಿ ಒಂದು ಪಡಿತರ ಅಂಗಡಿಯಾಗಿತ್ತು, ಉಳಿದವು ಏನೂ ಆಗಿರಲಿಲ್ಲ.

ಇನ್ನು ಅವನ ಪ್ರತಿನಾಯಕನನ್ನು ಕೇಳಿರಿ. ಬೃಹತ್ಪಥಸಾರ್ವಭೌಮ, ವಿಂಶತಿಬೋಗೀಬಲಗರ್ವಿತ, ಬ್ರಾಡ್‌ಗೇಜಿನ ದೊಡ್ಡ ಸ್ಟೇಷನ್ನೊಂದರ ಮಾಸ್ಟರಾಗಿ ನಿವೃತ್ತನಾದ ಸದಾಶಿವಯ್ಯ. ಇವನು ಪರಕೀಯನಲ್ಲ, ನಾಗಭೂಷಣಯ್ಯನ ಸ್ವಂತ ಅಕ್ಕನ ಗಂಡ, ಭಾವ. ಸಣ್ಣ ಲೈನು ಮುಚ್ಚಿದ ವರ್ಷ ನೆಂಟರೊಬ್ಬರ ಮನೆಯ ನಾಮಕರಣದಲ್ಲಿ, ಊಟದ ಪಂಕ್ತಿಯ ನಡುವೆ ಕುಳಿತು, ಈ ಭಾವನು ಎಲ್ಲರಿಗೂ ಕೇಳುವಂತೆ ಹೀಗೆಂದನು:

“ನಿಲ್ಲಿಸಿಬಿಟ್ರಾ? ಅಯ್ಯೋ, ಅದು ಓಡ್ತಿತ್ತು ಅಂತಲೇ ನಮಗೆ ಗೊತ್ತಿರ್ಲಿಲ್ವಲ್ಲಯ್ಯಾ!”

ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕು, ಪಾಯಸವನ್ನು ಪಲ್ಯದ ಮೇಲೆ ಹಾಕಿದನು. ನಾಗಭೂಷಣಯ್ಯನ ಎಲೆಯಲ್ಲಿ ಹೋಳಿಗೆ ಹಾಗೆಯೇ ಉಳಿಯಿತು. ಆ ದಿನ ಮನೆಗೆ ಬಂದು ಅಂಗಿ ಕಳಚುತ್ತಾ ಅವನು ಹೆಂಡತಿಗೆ ಹೇಳಿದ್ದು ಎರಡೇ ಮಾತು.

“ಓಡ್ತಿತ್ತು,” ಎಂದನು. ಅಂಗಿಯನ್ನು ಮೊಳೆಗೆ ಹಾಕಿ, “ಓಡ್ತಿತ್ತು ಕಣೇ,” ಎಂದನು.

ಭಾರತವರ್ಷದಲ್ಲಿ ಇದಕ್ಕಿಂತ ಚಿಕ್ಕ ಪ್ರತಿಜ್ಞೆ ಕೇಳಿಬಂದಿಲ್ಲ. ಸದಾಶಿವಯ್ಯನ ಕಣ್ಣೆದುರಿಗೆ ಆ ರೈಲು ಒಂದು ಸಲ, ಒಂದೇ ಒಂದು ಸಲ, ಹೊರಟ ಸ್ಟೇಷನ್ನಿಗೆ ಮರಳಿ ಬರಬೇಕು: ಅದರ ಅರ್ಥ ಇಷ್ಟೇ. ಆದರೆ ರೈಲೂ ಇರಲಿಲ್ಲ, ಹಳಿಯೂ ಇರಲಿಲ್ಲ, ಸ್ಟೇಷನ್ನೂ ಇರಲಿಲ್ಲ. ಇವಿಷ್ಟನ್ನೂ ಆ ಧೀರನು ತಾನೇ ಮಾಡಿದನು.

ಸೈಕಲ್ ಚಕ್ರದ ಕಡ್ಡಿಗಳು ಹಳಿಗಳಾದವು. ಬೆಂಕಿಕಡ್ಡಿಗಳು ಹಳಿಯಡಿ ಅಡ್ಡಲಾಗಿ ಸೇರಿ ಸ್ಲೀಪರುಗಳಾದವು. ಹಲ್ಲುಪುಡಿಯ ಡಬ್ಬವು ಮಲಗಿ ಇಂಜಿನ್ನಾಯಿತು. ಅದರ ನೆತ್ತಿಗೆ ಪೆನ್ನಿನ ಮುಚ್ಚಳವು ಚಿಮಣಿಯಾಗಿ ಏರಿತು. ಅದರ ಹೊಟ್ಟೆಯೊಳಗೆ ಕೆಟ್ಟ ಟೇಪ್ ರೆಕಾರ್ಡರಿನ ಮೋಟರು ಹೃದಯವಾಗಿ ಸೇರಿತು. ಬೆಂಕಿಪೊಟ್ಟಣಗಳು ಸಾಲಾಗಿ ನಿಂತು ಬೋಗಿಗಳಾದವು. ಟಾರ್ಚಿನ ಸೆಲ್ಲುಗಳನ್ನು ಕಿತ್ತು ಎರಡನೆಯ ಬೋಗಿಯಲ್ಲಿ ಮಲಗಿಸಿದ್ದಾಯಿತು. ಒಡೆದ ನಿಲುವುಗನ್ನಡಿಯ ಒಂದು ಚೂರು ಕೆರೆಯಾಯಿತು, ಆ ಕೆರೆಯ ದಡದಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಊರು ಎದ್ದಿತು, ಆ ಊರಿಗೆ ಕನ್ನಡಿಕೆರೆ ಎಂದು ಹೆಸರಾಯಿತು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಅದನ್ನು ಬರೆದು, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದನ್ನೂ ಅವನು ಕೆಳಗೆ ಬರೆದನು. ಊರು ಕುಳಿತಿದ್ದ ಮರದ ಮಣೆ ನೆಲದಿಂದ ಅಷ್ಟು ಎತ್ತರವಿತ್ತು.

ಆದರೆ ರಾಜ್ಯ ಕಟ್ಟುವುದೆಂದರೆ ನೆಲ ಬೇಕು, ಮತ್ತು ನಡುಮನೆಯ ನೆಲವು ದಸರಾ ಕಾಲದಲ್ಲಿ ಅವನದಾಗಿರಲಿಲ್ಲ. ಅದು ಅವನ ಪತ್ನಿ ಭ್ರಮರಾಂಬೆಯ ಸಾಮ್ರಾಜ್ಯ. ಸಂಶಯಸಹಸ್ರಾಕ್ಷಿಯಾದ ಈ ಮಹಾತಾಯಿಯು ಗ್ಯಾಸ್ ಆಫ್ ಮಾಡಿ, ಮಾಡಿದ್ದೇನೆಯೇ ಎಂದು ನೋಡಿ, ನೋಡಿದ್ದು ಸರಿಯೇ ಎಂದು ಮತ್ತೆ ನೋಡುವವಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಾದ ರಾಜ ರಾಣಿ, ಕೆಳಗೆ ದೇವರು, ಅದರ ಕೆಳಗೆ ದಿಬ್ಬಣ, ನೆಲದಲ್ಲಿ ಧಾನ್ಯದ ಅಂಗಡಿ ಇಟ್ಟ ಮಣ್ಣಿನ ಶೆಟ್ಟರು, ಅವರ ಎದುರಿಗೆ ನಿಜವಾದ ಕಾಳುಗಳ ಪುಟ್ಟ ಪುಟ್ಟ ರಾಶಿ. ಈ ಕ್ರಮ ಅವಳ ಅಜ್ಜಿಯ ಕಾಲದ್ದು. ಎರಡು ರಾಜ್ಯಗಳ ನಡುವೆ ಸಂಧಿಯ ಮಾತುಕತೆ ಹೀಗೆ ನಡೆಯಿತು.

“ನಿಮ್ಮ ಶೆಟ್ರು ನಮ್ಮ ಸ್ಟೇಷನ್‌ಗಿಂತ ಎತ್ತರ ಇದಾರೆ ಭ್ರಮರ. ಇವರಿಗೆ ಟಿಕೆಟ್ ಕೊಟ್ರೆ ಎರಡು ಬೋಗೀಲಿ ಮಲಗಿಸ್ಬೇಕಾಗುತ್ತೆ.”

“ಶೆಟ್ರು ನಮ್ಮಜ್ಜಿ ಕಾಲದಿಂದ ಅಲ್ಲೇ ಕೂತಿರೋದು. ನಿಮ್ಮ ಸ್ಟೇಷನ್ ಮೊನ್ನೆ ಬಂದದ್ದು. ಯಾರು ಸರೀಬೇಕು ನೀವೇ ಹೇಳಿ.”

“ಲೈನು ಸುತ್ತು ಬರಬೇಕಲ್ಲೇ. ರೌಂಡು ಇಲ್ದೆ ಹೋದ್ರೆ ಹೋದ ಗಾಡಿ ವಾಪಸ್ ಹೇಗ್ ಬರುತ್ತೆ?”

“ಮೆಟ್ಟಿಲ ಹಿಂದ್ಗಡೆ ಗೋಡೆ ಪಕ್ಕ ಜಾಗ ಇದೆ. ಅಲ್ಲಿಂದ ತಗೊಂಡ್ಹೋಗಿ. ಆದ್ರೆ ಈಗಲೇ ಹೇಳ್ತೀನಿ, ಒಂದ್ಸಲ ಗೊಂಬೆ ಕೂರಿಸಿದ ಮೇಲೆ, ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸೋ ತನಕ ಮೆಟ್ಟಿಲು ಅಲ್ಲಾಡಿಸೋ ಹಾಗಿಲ್ಲ. ಒಳಗೆ ಏನಾದ್ರೂ ಆಯ್ತೋ, ನನ್ನ ಕೇಳ್ಬೇಡಿ.”

ಹೀಗೆ ಲೈನಿನ ಅರ್ಧ ಭಾಗವು ಗೊಂಬೆಗಳ ಬೆನ್ನ ಹಿಂದೆ, ಬಿಳಿ ಪಂಚೆಗೂ ಗೋಡೆಗೂ ನಡುವಿನ ಕತ್ತಲೆಯ ಕಣಿವೆಯಲ್ಲಿ ಸಾಗಿತು. ಗೊಂಬೆ ಕೂರಿಸಿದ ಮೇಲೆ ಅಲ್ಲಿಗೆ ಮನುಷ್ಯನ ಕೈ ಹೋಗುತ್ತಿರಲಿಲ್ಲ. ನಾಗಭೂಷಣಯ್ಯನ ಕೈಯಂತೂ ಮೊಣಕೈಗೇ ಸಿಕ್ಕಿಕೊಳ್ಳುತ್ತಿತ್ತು.

ಇನ್ನು, ಗೊಂಬೆ ಕೂರಿಸುವ ಮೊದಲೇ ಹಾಸಬೇಕಾಗಿದ್ದ ಜಲ್ಲಿ. ಹಳಿಯ ಅಡಿಗೆ ಜಲ್ಲಿಯಿಲ್ಲದ ರೈಲ್ವೆಯು ಬಿಲ್ಲಿಲ್ಲದ ಕ್ಷತ್ರಿಯನಂತೆ. ಅವನು ಬೀದಿಯಿಂದ ನಿಜವಾದ ಜಲ್ಲಿಯನ್ನು ಚೀಲದಲ್ಲಿ ತಂದನು. ಒರೆಸಿದ ನೆಲದ ಮೇಲೆ ಅದು ಒಂದು ಕ್ಷಣವೂ ನಿಲ್ಲಲಿಲ್ಲ, ಚೀಲದೊಡನೆ ಹೊರಗೆ ಹೋಯಿತು. ಆಗ ಅಡುಗೆಮನೆಯ ಡಬ್ಬಗಳಿಂದ ಧಾನ್ಯಸೇನೆಗಳು ಒಂದೊಂದಾಗಿ ರಣಾಂಗಣಕ್ಕೆ ಇಳಿದವು. ಮೊದಲು ಬಂದ ಸಾಸಿವೆ ಉರುಳಿ ಚದುರಿ ಸೋಫಾದ ಅಡಿ ಸೇರಿ ಇಂದಿಗೂ ಅಲ್ಲಲ್ಲಿ ಅಜ್ಞಾತವಾಸದಲ್ಲಿದೆ. ತೊಗರಿಬೇಳೆ ಹಳದಿ, ಉದ್ದಿನಬೇಳೆ ಬಿಳುಪು, ಕಡಲೆ ದಪ್ಪ. ಕೊನೆಗೆ ಶೆಟ್ಟರ ಅಂಗಡಿಗೆಂದು ತೆಗೆದಿಟ್ಟ ರಾಶಿಯಿಂದ ಒಂದು ಹಿಡಿ ಹುರುಳಿಯನ್ನು ತೆಗೆದು ಹಳಿಗಳ ನಡುವೆ ಸುರಿದು, ಆ ವೀರನು ಕನ್ನಡಕ ಏರಿಸಿ ನೋಡಿದನು, ಒರೆಸಿಕೊಂಡು ಮತ್ತೆ ನೋಡಿದನು. ಅದೇ ಬಣ್ಣ. ಮಳೆಗೆ ನೆಂದು ಬಿಸಿಲಿಗೆ ಒಣಗಿದ, ಇಂಜಿನ್ನಿನ ಎಣ್ಣೆ ಕುಡಿದ, ಅವನ ಸಣ್ಣ ಲೈನಿನ ಜಲ್ಲಿಯ ಅದೇ ಕಂದು ಬಣ್ಣ.

“ಅಂಟು ಹಾಕೀರ!” ಎಂದು ಭ್ರಮರಾಂಬೆ ಎಚ್ಚರಿಸಿದಳು. “ಹಬ್ಬ ಆದ್ಮೇಲೆ ಡಬ್ಬಕ್ಕೆ ವಾಪಸ್ ಹೋಗ್ಬೇಕು ಅದು.”

ಅಂಟು ಹಾಕಲಿಲ್ಲ. ಈ ಒಂದು ವಾಕ್ಯವನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕನ್ನಡಿಕೆರೆಯ ಹೊಲಗಳಿಗಾಗಿ ಭ್ರಮರಾಂಬೆಯೇ ಮಣೆಯ ಮೂಲೆಯ ಮಣ್ಣಿನಲ್ಲಿ ರಾಗಿ ಬಿತ್ತಿದಳು. ಗೊಂಬೆಗಳ ಮುಂದೆ ಹಸಿರು ಪೈರು ಇಲ್ಲದ ದಸರಾ ಅವಳ ವಂಶದಲ್ಲಿ ಆಗಿರಲಿಲ್ಲ. ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಿದಳು. ಪೈರು ಒಣಗೀತೆಂದು ನಡುವೆ ಒಮ್ಮೆ ಚಿಮುಕಿಸಿದಳು. ಚಿಮುಕಿಸಿದ್ದೇನೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ಚಿಮುಕಿಸಿದಳು. ಪೈರು ಚೆನ್ನಾಗಿ ಬಂದಿತು.

ಆಗಲೇ ಒಂದು ರಾತ್ರಿ, ಟಿಕ್.

“ಕೇಳಿಸ್ತಾ?” ಎಂದು ಅವಳು ಕತ್ತಲಲ್ಲಿ ಎದ್ದು ಕುಳಿತಳು.

ನಾಗಭೂಷಣಯ್ಯನು ಮೇಘಗಂಭೀರಧ್ವನಿಯಿಂದ ಹೀಗೆಂದನು: “ಇಲಿ.”

“ಇಲಿ ಟಿಕ್ ಅನ್ನಲ್ಲ. ಕರಕರ ಅನ್ನುತ್ತೆ.”

“ಹಾಗಾದ್ರೆ ಕಳ್ಳ. ಮಲಕ್ಕೋ.”

ಇಲಿಯಲ್ಲ, ಕಳ್ಳನೂ ಅಲ್ಲ ಎಂಬುದು ಬೆಳಿಗ್ಗೆ ತಿಳಿಯಿತು. ಕನ್ನಡಿಕೆರೆಯಿಂದ ಹೊರಟ ಪರೀಕ್ಷಾ ಗಾಡಿಯು ಕೆರೆಯ ತಿರುವಿನಲ್ಲಿ ಮೂಗೆತ್ತಿ, ಕ್ಷಣಕಾಲ ಆಕಾಶವನ್ನು ನೋಡಿ, ಬೋಗಿಗಳ ಸಮೇತ ಕನ್ನಡಿಯೊಳಕ್ಕೆ ಮಗುಚಿತು. ಅದರ ಪ್ರತಿಬಿಂಬವೂ ಎದುರಿನಿಂದ ಬಂದು ಅದಕ್ಕೆ ಡಿಕ್ಕಿ ಹೊಡೆಯಿತು. ನಾಗಭೂಷಣಯ್ಯನು ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಮಣೆಗಿಟ್ಟು, ಹಳಿಯ ಉದ್ದಕ್ಕೂ ದೃಷ್ಟಿ ಹಾಯಿಸಿದನು. ಹಳಿ ಬೆನ್ನುಬ್ಬಿಸಿತ್ತು. ಸ್ಲೀಪರುಗಳು ಒಂದೊಂದಾಗಿ ಟಿಕ್ಕೆಂದು ಕಿತ್ತು ಮಗ್ಗುಲಾಗಿದ್ದವು. ಜಲ್ಲಿಯ ಕಲ್ಲೊಂದೊಂದೂ ಉಬ್ಬಿ, ಸಿಪ್ಪೆ ಬಿರಿದು, ಬಿಳಿಯ ಪುಟ್ಟ ಬಾಲವೊಂದನ್ನು ಹೊರಗೆ ಚಾಚಿತ್ತು.

ಅವನು ಒಂದು ಕಾಳನ್ನು ಉಗುರಿನಿಂದ ಎತ್ತಿ ಕಣ್ಣಿಗೆ ಹಿಡಿದನು.

“ಭ್ರಮರ,” ಎಂದನು ಕೊನೆಗೆ, ಮಲಗಿದಲ್ಲಿಂದಲೇ. “ಜಲ್ಲಿ ಮೊಳಕೆ ಬಂದಿದೆ.”

ಆಮೇಲೆ ನಡೆದದ್ದು ಘೋರ ವಾಗ್ಯುದ್ಧ. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತು ನುಡಿದನು:

“ಸೇತುವೆ ಮೇಲೆ ನೀರು ಬಂದಾಗ ಗಾಡಿ ನಡೆಸಿದೀನಿ. ಹಳಿ ಮೇಲೆ ಮರ ಬಿದ್ದಾಗ ನಾನೇ ಇಳಿದು ಕೊಡಲಿ ಹಿಡಿದಿದೀನಿ. ಒಂದು ದಿನ, ಒಂದೇ ಒಂದು ದಿನ ನನ್ನ ಗಾಡಿ ಹಳಿ ತಪ್ಪಿಲ್ಲ. ಕೊನೇಗೆ ನನ್ನ ಮನೇಲಿ, ನನ್ನ ಹೆಂಡತಿ ಕೈಯಲ್ಲಿ…”

“ನಾನು ರಾಗಿಗೆ ನೀರು ಹಾಕ್ದೆ,” ಎಂದಳು ಭ್ರಮರಾಂಬೆ. “ರೈಲಿಗೆ ಹಾಕ್ಲಿಲ್ಲ.”

“ಹರಿದು ಬರುತ್ತೆ ಅಂತ ಗೊತ್ತಾಗ್ಲಿಲ್ವಾ?”

“ಹುರುಳಿ ನೆನೆದ್ರೆ ಮೊಳಕೆ ಬರುತ್ತೆ ಅಂತ ನಿಮಗೆ ಗೊತ್ತಾಗ್ಲಿಲ್ವಾ? ಇಷ್ಟು ವರ್ಷ ಮೊಳಕೆ ಹುರುಳಿ ಸಾರು ಉಂಡಿದೀರಲ್ಲ, ಅದೇನು ಮರದಲ್ಲಿ ಬಿಡುತ್ತೆ ಅಂದ್ಕೊಂಡಿದ್ರಾ?”

“ನಾನು ಅದನ್ನ ಜಲ್ಲಿ ಅಂತ ನೋಡ್ತಿದ್ದೆ ಕಣೇ. ಕಾಳು ಅಂತ ನೋಡ್ಲೇ ಇಲ್ಲ.”

ಅವಳು ಅಸ್ತ್ರವನ್ನು ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕುಳಿತು, ಮೊಳೆತ ಕಾಳುಗಳನ್ನು ಚಮಚದಿಂದ ಎತ್ತತೊಡಗಿದಳು. ಎದುರಿಗೆ ಅವನೂ ಕುಳಿತನು. ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಣಿಗೆ ಕಾಣುವ ಲೈನೆಲ್ಲ ಒಣ ಹುರುಳಿಯ ಹೊಸ ಹಾಸಿಗೆಯ ಮೇಲೆ ನೆಟ್ಟಗೆ ಮಲಗಿತು. ಕಾಣದ ಲೈನು ಉಳಿಯಿತು. ಗೊಂಬೆಗಳ ಬೆನ್ನ ಹಿಂದಿನ ಕಣಿವೆಗೂ ನೀರು ಹರಿದಿತ್ತು, ಅಲ್ಲಿಯೂ ಜಲ್ಲಿ ಬಾಲ ಚಾಚಿತ್ತು, ಮೆಟ್ಟಿಲನ್ನು ಅಲ್ಲಾಡಿಸುವಂತಿರಲಿಲ್ಲ.

“ಮೆಟ್ಟಿಲು ಒಂಚೂರು ಎಳೆದ್ರೆ…” ಎಂದನು.

ಅವಳು ಪಟ್ಟದ ಗೊಂಬೆಗಳ ಕಡೆ ನೋಡಿದಳು. ಅವನೂ ನೋಡಿದನು. ರಾಜ ರಾಣಿಯರು ಇಬ್ಬರನ್ನೂ ನೋಡಿದರು. ಆ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು.

ಪರೀಕ್ಷಾ ಗಾಡಿಯನ್ನು ಮತ್ತೆ ಬಿಟ್ಟರು. ಅದು ಕಣಿವೆಯನ್ನು ಹೊಕ್ಕು, ನಡುವೆ ಎಲ್ಲೋ ನರಳಿ, ತಡವರಿಸಿ, ಕೊನೆಗೆ ಹೊರಗೆ ಬಂದಿತು. ನಾಗಭೂಷಣಯ್ಯನು ಉಸಿರು ಬಿಟ್ಟು ಲೆಕ್ಕ ಹಾಕಿದನು.

“ಈಗ ದಾಟ್ತು. ಗೊಂಬೆ ನೋಡೋಕೆ ನಾಳೆ ಸಂಜೆ ಭಾವ ಐದು ಗಂಟೆ ಗಾಡೀಗೆ ಬರ್ತಾರೆ. ಬಂದ ತಕ್ಷಣ ಬಿಟ್ರೆ ದಾಟುತ್ತೆ. ರಾತ್ರಿಯಾದ್ರೆ ಹೇಳೋಕಾಗಲ್ಲ. ಗಂಟೆ ಗಂಟೆಗೂ ಬೆಳೀತಿದೆ ಅದು.”

“ರಾತ್ರಿ ಯಾಕಾಗುತ್ತೆ?”

“ಆಗಲ್ಲ. ಬ್ರಾಡ್‌ಗೇಜು. ರೈಟ್ ಟೈಮ್.”

ಮರುದಿನ ಬ್ರಾಡ್‌ಗೇಜು ಎರಡು ಗಂಟೆ ತಡವಾಯಿತು.

ಆ ಎರಡು ಗಂಟೆ ನಾಗಭೂಷಣಯ್ಯನು ಬಾಗಿಲಿಗೂ ಕನ್ನಡಿಕೆರೆಗೂ ನಡೆದಾಡಿದನು. ಕಣಿವೆಯೊಳಗೆ ಏನಾಗುತ್ತಿದೆ ಎಂದು ಕಿವಿಗೊಟ್ಟನು. ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಅವನಿಗೆ ಕುಳಿತುಕೊಳ್ಳುವಂತೆ ಹೇಳಿ ಹೇಳಿ ಭ್ರಮರಾಂಬೆ ತಾನೂ ನಿಂತೇ ಇದ್ದಳು. ಕೊನೆಗೆ ಗೇಟಿನ ಬಳಿ ಆಟೋ ನಿಂತಿತು. ನೀಳಕಾಯನೂ ಆಜಾನುಬಾಹುವೂ ಗರಿಗರಿಯಾದ ಬಿಳಿಪಂಚೆಯವನೂ ಆದ ಬೃಹತ್ಪಥಸಾರ್ವಭೌಮನು, ಬೆಳ್ಳಿಕಟ್ಟಿನ ಊರುಗೋಲನ್ನು ಊರಿಕೊಂಡು, ಒಬ್ಬನೇ ಇಳಿದನು.

“ಅಕ್ಕ ಬರ್ಲಿಲ್ವಾ ಭಾವ?”

“ಮಂಡಿನೋವು ಅವಳಿಗೆ. ನಂಗೂ ಇದೆ, ಆದ್ರೆ ನಾನು ಹೇಳ್ಕೊಳ್ಳಲ್ಲ.”

“ಗಾಡಿ ಲೇಟಾ?”

ಈ ಪ್ರಶ್ನೆಯೊಳಗೆ ನಾಗಭೂಷಣಯ್ಯನು ಎಷ್ಟು ವರ್ಷಗಳ ವಿಷವನ್ನು ಸವರಿದ್ದನೋ ಬಲ್ಲವರಿಲ್ಲ. ಬಾಣ ಗುರಿ ಮುಟ್ಟಿತು. ಸದಾಶಿವಯ್ಯನು ಕೋಲನ್ನು ನೆಲಕ್ಕೆ ಕುಟ್ಟಿದನು.

“ಔಟರ್‌ನಲ್ಲಿ ಸಿಗ್ನಲ್ ಕೊಟ್ಟಿರ್ಲಿಲ್ಲಯ್ಯ. ದೊಡ್ಡ ಲೈನು, ದೊಡ್ಡ ಟ್ರಾಫಿಕ್ಕು. ನಿಮ್ಮ ಥರ ಎದುರಿಗೆ ಬಂದ ಎತ್ತಿನಗಾಡಿಯೋನ್ನ ದಾರಿ ಕೇಳ್ಕೊಂಡು ಹೋಗೋ ಹಾಗಿರಲ್ಲ.”

“ಒಳಗ್ ಬನ್ನಿ ಅಣ್ಣ, ಕಾಫಿ ಕುಡೀರಿ,” ಎಂದು ಭ್ರಮರಾಂಬೆ ಇಬ್ಬರ ನಡುವೆ ನುಸುಳಿದಳು.

“ಕಾಫಿ ಆಮೇಲೆ,” ಎಂದನು ನಾಗಭೂಷಣಯ್ಯ. “ಮೊದಲು ಗಾಡಿ.”

ಏಳೂವರೆಯಾಗುತ್ತಿತ್ತು. ಏಳೂವರೆಗೆ ಸರಿಯಾಗಿ ಕರೆಂಟು ಹೋಗುವುದು ಆ ಬೀದಿಯ ನಿತ್ಯವಿಧಿ. ಸದಾಶಿವಯ್ಯನನ್ನು ಕುರ್ಚಿಯಲ್ಲಿ ಕೂರಿಸಿದ್ದಾಯಿತು. ಅವನು ಕಾಲ ಮೇಲೆ ಕಾಲು ಹಾಕಿ, ರಾಜ ರಾಣಿಯರಿಂದ ಶೆಟ್ಟರವರೆಗೆ ಕಣ್ಣಾಡಿಸಿ, ಅನಂತರ ಕೆಳಗೆ ನೋಡಿದನು.

“ಇದೇನಾ?”

“ಇದೇ ಭಾವ. ಎರಡೂವರೆ ಅಡಿ ಲೈನು.”

“ಅಂಗುಲ ಅನ್ನಯ್ಯ.”

“ನಮ್ಮ ಲೈನಿನ ಲೆಕ್ಕದಲ್ಲಿ ಅಡಿ. ಸ್ಟೇಷನ್ ಕನ್ನಡಿಕೆರೆ. ಒಂದು ಸುತ್ತು ಹೋಗಿ ಇಲ್ಲಿಗೇ ವಾಪಸ್ ಬರುತ್ತೆ. ತಾನೇ ಬರುತ್ತೆ, ಯಾರೂ ಮುಟ್ಟಲ್ಲ.”

“ಬಂದ್ರೆ ನೋಡೋಣ.”

ಆಗ ನಾಗಭೂಷಣಯ್ಯನು ಗಾರ್ಡಿನ ಕಪ್ಪು ಕೋಟನ್ನು ತೊಟ್ಟು ಗುಂಡಿ ಹಾಕಿದನು. ಹೊಟ್ಟೆಯ ಬಳಿಯ ಗುಂಡಿ ಹಾಕಲಾಗಲಿಲ್ಲ. ಎಡಗೈಯಲ್ಲಿ ಹಸಿರು ಬಾವುಟ ಹಿಡಿದನು. ಸೀಟಿಯನ್ನು ತುಟಿಗಿಟ್ಟನು. ದಿಕ್ಕುಗಳು ಸ್ತಬ್ಧವಾದವು. ಫ್ಯಾನು ಮಾತ್ರ ತಿರುಗುತ್ತಿತ್ತು. ಅದನ್ನೂ ಭ್ರಮರಾಂಬೆ ಆರಿಸಿದಳು. ಸೀಟಿ ಮೊಳಗಿತು. ಮೋಟರು ಮಿಡಿಯಿತು. ಹಲ್ಲುಪುಡಿದೇಹಿ, ಪೆನ್ಮುಚ್ಚಳಶಿರಸ್ಕ, ಬೆಂಕಿಪೊಟ್ಟಣಪರಿವಾರಸಮೇತನಾದ ಆ ಲೋಹಾಶ್ವನು ಟಕಟಕ ಟಕಟಕ ಎಂದು ಕನ್ನಡಿಕೆರೆಯನ್ನು ಬಿಟ್ಟು, ಕೆರೆಯ ತಿರುವಿನಲ್ಲಿ ತನ್ನನ್ನೇ ತಾನು ನೋಡಿಕೊಂಡು, ರಾಗಿಯ ಹೊಲಗಳನ್ನು ಹಾದು, ಶೆಟ್ಟರ ಮೊಣಕಾಲ ಬಳಿ ತಲೆಬಾಗಿ, ಕಣಿವೆಯ ಕತ್ತಲನ್ನು ಹೊಕ್ಕನು.

ಕರೆಂಟು ಹೋಯಿತು.

ಕತ್ತಲಲ್ಲಿ ಟಕಟಕ ಕೇಳುತ್ತಿತ್ತು. ಆಮೇಲೆ ಟಕ. ಆಮೇಲೆ ಚಕ್ರಗಳು ನಿಂತಲ್ಲೇ ತಿರುಗುವ ಗುಂಯ್ ಎಂಬ ನರಳಿಕೆ ಮಾತ್ರ ಗೊಂಬೆಗಳ ಹಿಂದಿನಿಂದ ಕೇಳತೊಡಗಿತು.

ಊಟದ ಪಂಕ್ತಿಯ ಆ ನಗು ಮತ್ತೊಮ್ಮೆ ಕೇಳುವುದನ್ನು ನಾಗಭೂಷಣಯ್ಯನು ಕಾಯುತ್ತಿದ್ದನು. ಅದು ಬರುವ ಮೊದಲೇ ಅವನು ಎದ್ದನು.

“ಸೆಕ್ಷನ್ನಲ್ಲಿ, ನಡುದಾರೀಲಿ ಗಾಡಿ ನಿಂತ್ರೆ,” ಎಂದನು, “ಗಾರ್ಡು ದೀಪ ತರ್ಬೇಕು. ಅಟ್ಟದ ಮೇಲಿದೆ. ತರ್ತೀನಿ.” ಅವನು ಗೋಡೆ ತಡವುತ್ತಾ ಹಿತ್ತಿಲ ಕೋಣೆಯ ಏಣಿಯ ಕಡೆ ಹೋದನು.

“ನಾನು ದೇವರ ಮನೆಯಿಂದ ದೀಪ ತರ್ತೀನಿ ಅಣ್ಣ,” ಎಂದು ಭ್ರಮರಾಂಬೆಯೂ ಎದ್ದಳು. ಬೆಂಕಿಪೊಟ್ಟಣ ಮನೆಯಲ್ಲಿರಲಿಲ್ಲ, ಇದ್ದವೆಲ್ಲ ಬೋಗಿಗಳಾಗಿದ್ದವು, ಕಡ್ಡಿಗಳೆಲ್ಲ ಹಳಿಯ ಕೆಳಗಿದ್ದವು. ದೇವರೆದುರು ಉರಿಯುತ್ತಿದ್ದ ಪುಟ್ಟ ದೀಪವನ್ನೇ ತಟ್ಟೆಯಲ್ಲಿಟ್ಟುಕೊಂಡು, ಗಾಳಿಗೆ ಆರದಂತೆ ಕೈಯನ್ನು ಮರೆಮಾಡಿ, ಅವಳು ನಡುಮನೆಯ ಬಾಗಿಲಿಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

ಕುರ್ಚಿ ಖಾಲಿಯಾಗಿತ್ತು.

ಕಿಟಕಿಯಿಂದ ಅಷ್ಟಮಿಯ ಬೆಳದಿಂಗಳು ಬಿದ್ದಿತ್ತು. ಆ ಬೆಳಕಿನಲ್ಲಿ, ಮೆಟ್ಟಿಲ ಪಕ್ಕದ ರಂಗೋಲಿಯ ಮೇಲೆ, ಎರಡು ಮಂಡಿಗಳನ್ನೂ ಊರಿ, ಪಂಚೆಯನ್ನು ಎತ್ತಿ ಕಟ್ಟದೆ ಹಾಗೆಯೇ, ಬೃಹತ್ಪಥಸಾರ್ವಭೌಮನು ಬಾಗಿದ್ದನು. ಕೆನ್ನೆ ಗೋಡೆಗೆ ಒತ್ತಿತ್ತು. ಆಜಾನುಬಾಹುವಿನ ಇಡೀ ತೋಳೂ ಅದರ ತುದಿಗೆ ಊರುಗೋಲೂ ಗೊಂಬೆಗಳ ಹಿಂದಿನ ಕಣಿವೆಯೊಳಗೆ ಹೋಗಿದ್ದವು.

“ಬಾರಪ್ಪಾ,” ಎನ್ನುತ್ತಿದ್ದನು ಅವನು, ಬಹಳ ಮೆಲ್ಲಗೆ, ಹಸುವಿನ ಕರುವನ್ನು ಕರೆಯುವಂತೆ. “ಬಾ ಬಾ. ಇನ್ನೊಂಚೂರು. ಏಳು, ಏಳು. ಹಾಂ… ಹಾಂ… ಜುಕು ಜುಕು… ಜುಕು ಜುಕು…”

ಗುಂಯ್ ಎಂಬ ನರಳಿಕೆ ಏರಿತು, ತಡೆಯಿತು, ಮತ್ತೆ ಏರಿತು. ಟಕ. ಟಕಟಕ. ಟಕಟಕ ಟಕಟಕ.

“ಕೂ…” ಎಂದನು ಸದಾಶಿವಯ್ಯ, ಉಸಿರಿನಷ್ಟೇ ಸಣ್ಣಗೆ.

ಕೋಲನ್ನು ಎಳೆದುಕೊಂಡು, ಮಂಡಿಯ ಮೇಲೆಯೇ ನೆಟ್ಟಗಾದನು. ಕಣಿವೆಯ ಇನ್ನೊಂದು ಬಾಯಿಂದ ಹಲ್ಲುಪುಡಿಯ ಡಬ್ಬ ಹೊರಬಂದಿತು. ಅದು ತನ್ನೆದುರು ಹಾದುಹೋಗುವವರೆಗೂ, ದೊಡ್ಡ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಲ್ಲದ ಎಕ್ಸ್‌ಪ್ರೆಸ್ಸುಗಳಿಗೆ ಎಷ್ಟೋ ವರ್ಷ ತೋರಿಸಿದ ರೀತಿಯಲ್ಲೇ, ಅವನು ಬಲಗೈಯನ್ನು ಉದ್ದಕ್ಕೆ ಚಾಚಿ ಹಿಡಿದಿದ್ದನು. ಕೈಯಲ್ಲಿ ಬಾವುಟವಿರಲಿಲ್ಲ. ಇದ್ದಂತೆ ಬೆರಳುಗಳನ್ನು ಮಡಿಸಿದ್ದನು.

ಅಟ್ಟದ ಕಡೆಯಿಂದ ಕೂಗು ಕೇಳಿಸಿತು. “ಓಡ್ತಿದೆ! ಭಾವ, ಓಡ್ತಿದೆ! ಸದ್ದು ಕೇಳಿಸ್ತಿದೆ ನಂಗೆ!”

ಭ್ರಮರಾಂಬೆ ಮೂರು ಹೆಜ್ಜೆ ಹಿಂದೆ ಸರಿದಳು. ದೀಪದ ತಟ್ಟೆಗೆ ಬಳೆಯನ್ನು ತಾಗಿಸಿ ಸದ್ದು ಮಾಡಿದಳು. ಸಾಲದೆನಿಸಿ ಕೆಮ್ಮಿದಳು. ಇಷ್ಟು ಹೊತ್ತು ಸಾಕೇ ಎಂದು ಅನುಮಾನವಾಗಿ, ನಿಂತಲ್ಲೇ ನಿಂತು ಮತ್ತೊಮ್ಮೆ ಕೆಮ್ಮಿದಳು. ಅವಳು ಒಳಗೆ ಬಂದಾಗ ಸದಾಶಿವಯ್ಯನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕೊಂಚ ಏದುಸಿರು ಬಿಡುತ್ತಾ ಕುಳಿತಿದ್ದನು.

ಹಸಿರು ಗಾಜಿನ ಹಳೆಯ ಗಾರ್ಡ್ ಲಾಂದ್ರವನ್ನು ಹಿಡಿದು ನಾಗಭೂಷಣಯ್ಯನು ಓಡಿಬಂದನು. ಅದನ್ನು ಹಚ್ಚಲು ಕಡ್ಡಿಯಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು. ಹೆಂಡತಿಯ ದೀಪದ ಬೆಳಕಿನಲ್ಲಿ ಕೆಳಗೆ ನೋಡಿದನು. ಕನ್ನಡಿಕೆರೆಯ ಸ್ಟೇಷನ್ನಿನಲ್ಲಿ, ಹಳದಿ ಹಲಗೆಯ ಎದುರಿಗೆ, ಗಾಡಿ ನಿಲ್ಲಲೆಂದು ಇಟ್ಟ ಅಡ್ಡಪಟ್ಟಿಗೆ ಮೂಗು ತಾಗಿಸಿಕೊಂಡು, ರೈಲು ನಿಂತಿತ್ತು.

“ಬಂತಾ?”

“ಬಂತಲ್ಲಯ್ಯ. ಆಗಲೇ ಬಂತು.”

“ತಾನೇ?”

“ಮತ್ತೇನು, ನಾನು ಹೊತ್ಕೊಂಡು ಬರ್ಲಾ?” ಸದಾಶಿವಯ್ಯನು ಕೈಗಡಿಯಾರವನ್ನು ದೀಪದ ಕಡೆ ತಿರುಗಿಸಿದನು. “ಎರಡು ನಿಮಿಷ ಲೇಟು.”

“ನಿಧಾನ ಹೋಗ್ಬೇಕು ಅಂತ ಕಾಷನ್ ಇತ್ತು ಭಾವ, ಒಳಗಡೆ. ಟ್ರ್ಯಾಕ್ ಸ್ವಲ್ಪ…”

“ಇರುತ್ತೆ, ಇರುತ್ತೆ. ಎಲ್ಲಾ ಲೈನಲ್ಲೂ ಇರುತ್ತೆ.” ಅವನು ಗಂಟಲು ಸರಿಮಾಡಿಕೊಂಡು, ಗೊಂಬೆಗಳ ಕಡೆ ನೋಡುತ್ತಾ ಹೇಳಿದನು. “ಓಡುತ್ತೆ ಕಣಯ್ಯ ನಿನ್ ರೈಲು.”

ಈ ಕ್ಷಣಕ್ಕಾಗಿ ನಾಗಭೂಷಣಯ್ಯನು ವರ್ಷಗಳಿಂದ ಒಂದು ಭಾಷಣವನ್ನು ಸಿದ್ಧಮಾಡಿಕೊಂಡಿದ್ದನು. ಅದರಲ್ಲಿ ಪೀಠಿಕೆಯಿತ್ತು, ಸಣ್ಣ ಲೈನಿನ ಸ್ಟೇಷನ್ನುಗಳ ಹೆಸರುಗಳೆಲ್ಲ ಇದ್ದವು, ಕೊನೆಗೆ ಆ ನಾಮಕರಣದ ಪಂಕ್ತಿಯ ಪ್ರಸ್ತಾಪವಿತ್ತು. ಅವನು ಕೋಟಿನ ಗುಂಡಿಯನ್ನು ಬಿಚ್ಚಿ, ಹಾಕಿ, ಬಿಚ್ಚಿದನು.

“ಕಾಫಿ ತಗೋತೀರಾ ಭಾವ?” ಎಂದನು.

ಆ ರಾತ್ರಿಯ ಊಟದಲ್ಲಿ ನಾಗಭೂಷಣಯ್ಯನು ಮೂರು ಸಲ ಅನ್ನ ಹಾಕಿಸಿಕೊಂಡನು. ಮರುದಿನ ಬೆಳಿಗ್ಗೆ ಭಾವನನ್ನು ಆಟೋ ಹತ್ತಿಸಿ, ಬೀದಿಯ ಕೊನೆಯವರೆಗೂ ಕೈ ಬೀಸಿ ಬಂದು, ಹುರುಪಿನಲ್ಲಿ ಇನ್ನೊಂದು ಸೇತುವೆ ಕಟ್ಟುವುದಕ್ಕೆ ಅಳತೆ ತೆಗೆಯಲು ಕುಳಿತನು. ಹೀಗೆ, ಎಲೈ ಕಾಲಪುರುಷನೇ, ಎಲೌ ವಾಗ್ದೇವಿಯೇ, ಸಣ್ಣ ಲೈನು ದೊಡ್ಡ ಲೈನಿನೆದುರು ಜಯಶಾಲಿಯಾಯಿತು. ಆ ಜಯದ ನಿಜವಾದ ಅಳತೆ, ಊರುಗೋಲಿನ ತುದಿಯಿಂದ ತಳ್ಳಿದ್ದು, ಒಂದು ಗೇಣು.

ಮಧ್ಯಾಹ್ನ ಸದಾಶಿವಯ್ಯನ ಮನೆಯಿಂದ ಫೋನ್ ಬಂದಿತು. ಅತ್ತಿಗೆ.

“ಏನೇ ಭ್ರಮರ, ಇವರ ಬಿಳೀ ಪಂಚೆ ಎರಡು ಮಂಡಿ ಮೇಲೂ ಕೆಂಪು ರಂಗೋಲಿ! ಎಲ್ಲಿ ಬಿದ್ರು ಅಂತ ಕೇಳಿದ್ರೆ ಬೈತಾರೆ. ಏನಾಯ್ತೇ ಅಲ್ಲಿ?”

ಭ್ರಮರಾಂಬೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ನಡುಮನೆಯಲ್ಲಿ ಗಂಡನು ಬೋರಲು ಮಲಗಿ, ಹಾಡೊಂದನ್ನು ಗುನುಗುತ್ತಾ, ಸೈಕಲ್ ಕಡ್ಡಿಯನ್ನು ಬಗ್ಗಿಸುತ್ತಿದ್ದನು.

“ನಮಸ್ಕಾರ ಮಾಡಿದ್ರು ಅತ್ತಿಗೆ,” ಎಂದಳು. “ಗೊಂಬೆಗೆ.”

“ಇವರಾ? ನಮಸ್ಕಾರನಾ? ಮಂಡಿ ಊರಿ?”

“ಹೂಂ.”

“ನಿಜ ಹೇಳು.”

ಹೇಳಬಹುದಿತ್ತು. ಹೇಳಿದ್ದರೆ ಅತ್ತಿಗೆ ಬಿದ್ದು ಬಿದ್ದು ನಗುತ್ತಿದ್ದಳು; ಸಂಜೆಯೊಳಗೆ ಎಲ್ಲ ನೆಂಟರ ಮನೆಯಲ್ಲೂ ನಗುತ್ತಿದ್ದರು. ಗಂಡನಿಗೆ ಹೇಳಿದರೆ ಅವನ ರೈಲು ಮತ್ತೆ ಗೊಂಬೆಗಳ ಹಿಂದೆ ನಿಂತುಬಿಡುತ್ತಿತ್ತು. ಭ್ರಮರಾಂಬೆ ಅದನ್ನು ಒಮ್ಮೆ ಯೋಚಿಸಿದಳು, ಯೋಚಿಸಿದ್ದು ಸರಿಯೇ ಎಂದು ಮತ್ತೊಮ್ಮೆ ಯೋಚಿಸಿದಳು, ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿದಳು.

“ಹಾಲು ಉಕ್ತಿದೆ ಅತ್ತಿಗೆ, ಇಡ್ತೀನಿ,” ಎಂದಳು. ಒಲೆಯ ಮೇಲೆ ಏನೂ ಇರಲಿಲ್ಲ.